ತಗಡಿನ ಶಾಲೆ ತಂಪಾದ ವರ್ಷ

ಕಳೆದ ಬೇಸಿಗೆಯಲ್ಲಿ ಮಗ ನನ್ನನ್ನು ಶಿರಾದಲ್ಲಿ ಮೊಮ್ಮಗಳು ಓದುವ ಶಾಲೆಗೆ ಕರೆದುಕೊಂಡು ಹೋಗಿದ್ದ. ಕ್ಲಾಸುಗಳಿಗೆಲ್ಲ ಏಸಿ ಹಾಕಿಸಿದ್ದಾರಂತೆ, ಅದನ್ನು ತಂದೆತಾಯಿಗಳಿಗೆ ತೋರಿಸುವ ದಿನ. ಭಾಷಣ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಬೆವರು, ಸೆಂಟು, ಹೊಸ ಪೇಂಟು ಎಲ್ಲ ಕಲೆತು ಉಸಿರು ಕಟ್ಟುವಂಥ ವಾಸನೆ ತುಂಬಿಕೊಂಡಿತು. ಯಾರೋ ಎದ್ದು ಕಿಟಕಿ ತೆಗೆಯಲು ಹೋದರು. ಗಾಜನ್ನು ಗೋಡೆಗೇ ಕೂರಿಸಿಬಿಟ್ಟಿದ್ದರು, ಅದು ತೆಗೆಯುವ ಕಿಟಕಿಯೇ ಆಗಿರಲಿಲ್ಲ. ಎಲ್ಲರೂ ಆಮಂತ್ರಣ ಪತ್ರದಿಂದ ಗಾಳಿ ಹಾಕಿಕೊಳ್ಳುತ್ತ ಕೂತೆವು. ಮುಚ್ಚಿದ ಕೋಣೆಯಲ್ಲಿ ಮಕ್ಕಳು ಬೇಯುವ ಆ ವಾಸನೆ ನನಗೆ ಗೊತ್ತಿದ್ದ ವಾಸನೆ. ಅದರ ಹಿಂದೆಯೇ ಮೆಹರುನ್ನೀಸಾ ಟೀಚರ್ ನೆನಪಾದಳು. ಅವಳ ನೆನಪು ಬಂದರೆ ಈ ವಯಸ್ಸಿನಲ್ಲೂ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಹತ್ತಿಕೊಳ್ಳುತ್ತದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಮದುವೆಯಾಗಿ ಎರಡನೆಯ ವರ್ಷ. ಕೊರಟಗೆರೆ ಹತ್ತಿರ ಕೆರೆಯ ಕೆಳಗಿನ ಊರಿನಲ್ಲಿ ಹುಟ್ಟಿ ಬೆಳೆದವಳನ್ನು ನಮ್ಮ ಯಜಮಾನರು ತಮಗೆ ವರ್ಗವಾಗಿದ್ದ ಊರಿಗೆ, ಪಾವಗಡ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕರೆತಂದರು. ಅವರು ಅಲ್ಲಿನ ಮಿಡ್ಲ್ ಸ್ಕೂಲಿನ ಹೆಡ್ಮಾಸ್ತರು. ಬಾಗಿಲಲ್ಲಿ ನಿಂತರೆ ದೂರಕ್ಕೆ ನಿಡುಗಲ್ ಬೆಟ್ಟ, ಅದರ ಈಚೆಗೆ ಬರೀ ಬಂಡೆ, ಜಾಲಿ ಗಿಡ, ಕಡಲೆಕಾಯಿ ಹೊಲ. ಊರಿನವರು ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದರು. ಮಾರ್ಚಿ ಬಂದರೆ ಬಂಡೆಗಳು ಹಗಲೆಲ್ಲ ಕಾದು ಸಂಜೆ ಆ ಕಾವನ್ನು ಊರಿನ ಮೇಲೆ ಬಿಡುತ್ತಿದ್ದವು.

ಶಾಲೆ ಅಂದರೆ ಉದ್ದನೆಯ ತಗಡಿನ ಶೆಡ್ಡು. ಎದೆಯೆತ್ತರಕ್ಕೆ ಎರಡೇ ಎರಡು ಕಿಟಕಿ, ಅವೂ ಒಂದೇ ಕಡೆಗೆ. ಹಿಂದಿನ ಬೇಸಿಗೆಯಲ್ಲಿ, ನಾನು ಆ ಊರಿಗೆ ಹೋಗುವ ಮೊದಲು, ಪರೀಕ್ಷೆಯ ದಿನ ಲಕ್ಕಮ್ಮ ಎಂಬ ಹುಡುಗಿ ಬವಳಿ ಬಂದು ಕೂತಲ್ಲೇ ಉರುಳಿ ಬಿದ್ದಿದ್ದಳು. ಪಕ್ಕದ ಹಟ್ಟಿಯ ಕುರಿ ಸಾಕುವ ಸಣ್ಣೀರಪ್ಪನ ಮಗಳು. ಜ್ವರ ತಲೆಗೇರಿ ಬದುಕುವುದೇ ಕಷ್ಟವಾಗಿತ್ತಂತೆ. ಬದುಕಿದಳು. ಆದರೆ ಅಪ್ಪ ಮತ್ತೆ ಶಾಲೆಗೆ ಕಳಿಸಲಿಲ್ಲ. ಅವಳ ಹಿಂದೆ ಹಟ್ಟಿಯ ಉಳಿದ ಹೆಣ್ಣುಮಕ್ಕಳೂ ನಿಂತುಹೋದರು. ಹುಡುಗಿಯರು ಹೀಗೇ ಬಿಡುತ್ತ ಹೋದರೆ ಮೇಲಿನ ಕ್ಲಾಸನ್ನೇ ಪಾವಗಡಕ್ಕೆ ಎತ್ತಿಬಿಡುತ್ತೇವೆ ಎಂದು ಶಾಲಾ ಇನ್‌ಸ್ಪೆಕ್ಟರು ಹೇಳಿ ಹೋಗಿದ್ದರು. ಪಾವಗಡಕ್ಕೆ ಯಾವ ಅಪ್ಪ ಹೆಣ್ಣುಮಗಳನ್ನು ಕಳಿಸುತ್ತಾನೆ? ಅದಕ್ಕೇ ನಮ್ಮ ಯಜಮಾನರು ಬೇಸಿಗೆಯಲ್ಲೂ ಕೂರಬಹುದಾದ ಒಂದು ಕೋಣೆ ಕಟ್ಟಿಸಿಯೇ ಸಿದ್ಧ ಎಂದು ಹಟ ಹಿಡಿದಿದ್ದರು.

ಆ ಹಟದಲ್ಲಿ ಅವರ ಜೊತೆಗಿದ್ದವಳು ಮೆಹರುನ್ನೀಸಾ. ಊರಿನವರ ಬಾಯಲ್ಲಿ ಮೇರಮ್ಮ ಟೀಚರು. ಶಿರಾದ ಹುಡುಗಿ, ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳಿರಬೇಕು. ವಯಸ್ಸಾದ ಚಿಕ್ಕಮ್ಮನನ್ನು ಜೊತೆಗಿಟ್ಟುಕೊಂಡು ದೇವಸ್ಥಾನದ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದಳು. ಅವಳ ತಾತ ಗಾರೆ ಕೆಲಸದ ಮೇಸ್ತ್ರಿ. ಮಸೀದಿ, ಛತ್ರ, ಸಾಹುಕಾರರ ಮನೆ ಎಂದು ಕಟ್ಟಿ ಹೆಸರು ಮಾಡಿದವರಂತೆ. ಅವರ ಭುಜದ ಮೇಲೆ ಕೂತು ಬೆಳೆದವಳಿಗೆ ಗೋಡೆ, ಗಾಳಿ, ನೆರಳು ಎಂದರೆ ಸೆರಗಿನಲ್ಲಿ ಕಟ್ಟಿಕೊಂಡ ಮಾತು. ನಾನು ಬಾಯಲ್ಲಿ ಅವಳಿಗೆ ‘ನೀವು’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮೊದಲ ದಿನದಿಂದಲೂ ‘ಅವಳು’.

ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ನಮ್ಮ ಮನೆಯ ಅಂಗಳಕ್ಕೆ ಬರುತ್ತಿದ್ದರು. ಜೇಡಿಮಣ್ಣಿನಲ್ಲಿ ಮೊಣಕಾಲೆತ್ತರದ ಒಂದು ಕೋಣೆ ಮಾಡಿದ್ದರು. ಗೋಡೆಗೆ ಇಲ್ಲೊಂದು ತೂತು, ಅಲ್ಲೊಂದು ತೂತು, ಮೇಲೆ ಹಲಗೆಯ ಮುಚ್ಚಳ. ಒಳಗೆ ಊದುಬತ್ತಿ ಹಚ್ಚಿಟ್ಟು ಹೊಗೆ ಯಾವ ದಾರಿಯಲ್ಲಿ ಹೊರಗೆ ಬರುತ್ತದೆ ಎಂದು ನೋಡುವುದು, ತೂತು ಮುಚ್ಚುವುದು, ಇನ್ನೊಂದು ಕಡೆ ಕೊರೆಯುವುದು. ಊದುಬತ್ತಿ ನನ್ನ ದೇವರ ಗೂಡಿನದು.

“ಮೇಡಂ, ಪಡುವಣದ ತೂತನ್ನ ಇನ್ನೂ ಕೆಳಕ್ಕೆ ಇಳಿಸೋಣ್ವಾ?” ಎನ್ನುವರು ಯಜಮಾನರು.

“ಇಳಿಸಿ ಸರ್. ಮಕ್ಕಳು ಕೂರೋದು ನೆಲದ ಮೇಲೆ. ತಣ್ಣಗಿನ ಗಾಳಿ ಅವರ ಮೈ ಮೇಲೇ ಹಾಯಬೇಕು. ಬಿಸೀದು ಮೇಲಕ್ಕೇರ್ತದೆ, ಅದಕ್ಕೆ ಮೂಡಣದ ಗೋಡೇಲಿ ಸೂರಿನ ಹತ್ತಿರ ದಾರಿ ಬಿಡೋಣ,” ಎನ್ನುವಳು ಅವಳು. ಹೊಗೆ ಸರಿಯಾಗಿ ಮೇಲಿನ ಕಂಡಿಯಿಂದ ಸುಳಿದು ಹೊರಟಾಗ, “ಅರೇ ವಾಹ್!” ಎಂದು ಇಬ್ಬರೂ ಮಕ್ಕಳ ಹಾಗೆ ನಗುವರು.

ನಾನು ಇದನ್ನೆಲ್ಲ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ನಮ್ಮ ಅಡುಗೆಮನೆಗೂ ತಗಡೇ. ಹಸಿ ಸೌದೆಯ ಹೊಗೆ ಹೋಗಲು ದಾರಿಯಿಲ್ಲದೆ ಒಳಗೇ ಸುತ್ತಿ ಸುತ್ತಿ ನನ್ನ ಕಣ್ಣಿಗೇ ಬರುತ್ತಿತ್ತು. ಕಣ್ಣು ಕೆಂಪಾಗಿ ಊದಿಕೊಂಡಿರುತ್ತಿತ್ತು. ಒಂದು ಕಡ್ಡಿ ಊದುಬತ್ತಿಯ ಹೊಗೆಯನ್ನು ಅಷ್ಟು ಹೊತ್ತು ಕೂತು ನೋಡುವ ಮನುಷ್ಯ ಒಂದು ದಿನವೂ ಒಳಗೆ ಬಂದು, ನಿನ್ನ ಒಲೆಯ ಹೊಗೆ ಎಲ್ಲಿಗೆ ಹೋಗುತ್ತೆ ಎಂದು ಕೇಳಲಿಲ್ಲ. ಕಾಫಿ ಕೊಟ್ಟರೆ ಲೋಟ ತೆಗೆದುಕೊಳ್ಳುವಾಗಲೂ ಕಣ್ಣು ಆ ಮಣ್ಣಿನ ಗೂಡಿನ ಮೇಲೇ.

ಮನೆಯೊಡತಿ ನರಸಮ್ಮ ಪಕ್ಕದ ಮನೆಯವಳು. ಅವಳಿಗೆ ನನ್ನ ಮುಖ ನೋಡಿದರೆ ಸಾಕಾಗಿತ್ತು. “ಏಮಮ್ಮಾ, ಮೇಷ್ಟ್ರಿಗೆ ಮನೆ ಅಂಬೋದೇ ಮರ್ತೋಗೈತಲ್ಲ. ಆ ಮೇರಮ್ಮ ಒಳ್ಳೇವ್ಳೇ, ನಾನೇನೂ ಅನ್ನಾಕಿಲ್ಲ. ಆದ್ರೂ ಚಿಕ್ಕ ವಯಸ್ಸು ನೋಡು,” ಎನ್ನುವಳು. ಏನೂ ಅನ್ನುವುದಿಲ್ಲ ಎನ್ನುತ್ತಲೇ ಅವಳು ಅಂದ ಮಾತು ರಾತ್ರಿಯೆಲ್ಲ ನನ್ನನ್ನು ಕುಟುಕುತ್ತಿತ್ತು. ಅವರಿಬ್ಬರ ನಡುವೆ ಕೆಟ್ಟದ್ದೇನೋ ಇದೆ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಹಾಗೆ ಅನಿಸಿದ್ದರೆ ಜಗಳ ಆಡಬಹುದಾಗಿತ್ತು. ಇದು ಜಗಳಕ್ಕೆ ಸಿಗದ ಸಂಕಟ. ಅವರು ನನ್ನ ಜೊತೆ ಆಡುತ್ತಿದ್ದದ್ದು ಉಪ್ಪು, ಸೌದೆ, ನೀರಿನ ಮಾತು. ಅವಳ ಜೊತೆ ಆಡುವಾಗ ಅವರ ಮುಖದಲ್ಲಿ ಒಂದು ಬೆಳಕು ಬರುತ್ತಿತ್ತು. ಆ ಬೆಳಕು ನನ್ನದಾಗಬೇಕಿತ್ತು.

ಕೆಲಸ ಶುರುವಾಯಿತು. ಬ್ಲಾಕಿನಿಂದ ಬಂದ ಓವರ್‌ಸೀಯರು ತಗಡು ಹೊದಿಸಿ, ಪಡುವಣಕ್ಕಿದ್ದ ದೊಡ್ಡ ಹೊಂಗೆಮರ ಕಡಿದು ಜಾಗ ಮಾಡಿ ಎಂದರು. ಇವರಿಬ್ಬರೂ ಮರ ಕಡಿಯಲು ಬಿಡಲಿಲ್ಲ. ಮರದ ನೆರಳಿನಲ್ಲಿ ಹಾಯ್ದ ಗಾಳಿಯೇ ಒಳಗೆ ಬರಲಿ ಎಂದು ಕೋಣೆಯನ್ನೇ ಸ್ವಲ್ಪ ತಿರುಗಿಸಿದರು. ಬೆಟ್ಟದ ಕಲ್ಲುಚಪ್ಪಡಿ ಊರಿನಲ್ಲೇ ಸಿಗುತ್ತಿತ್ತು, ಸೂರಿಗೆ ಅದೇ ಸಾಕು ಎಂದರು. ವಾದ ಮಾಡಿ ಮಾಡಿ ಓವರ್‌ಸೀಯರು, “ನಿಮ್ಮೂರು, ನಿಮ್ಮ ಕಲ್ಲು, ಏನಾದ್ರೂ ಮಾಡ್ಕೊಳಿ,” ಎಂದು ಜೀಪು ಹತ್ತಿದರು. ಊರಿನವರು ಶ್ರಮದಾನಕ್ಕೆ ನಿಂತರು.

ಒಂದು ಮಧ್ಯಾಹ್ನ ಯಜಮಾನರು ಊಟಕ್ಕೆ ಬರಲಿಲ್ಲ. ಮುದ್ದೆ, ಹುರುಳಿ ಸಾರು ಕಟ್ಟಿಕೊಂಡು ನಾನೇ ಹೋದೆ. ಇಬ್ಬರೂ ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಇಟ್ಟಿಗೆಯನ್ನು ಒಂದು ಬಿಟ್ಟು ಒಂದು ಜೋಡಿಸಿ, ಸಂದಿಯಲ್ಲಿ ಗಾಳಿ ಹಾಯುವ ಜಾಲಿ ಮಾಡುತ್ತಿದ್ದರು. ಅವಳ ಕೂದಲಿಗೆ ಸುಣ್ಣ ಹತ್ತಿತ್ತು, ಇವರ ಮೀಸೆಗೂ. ಇವರು ಯಾವುದೋ ಮಾತಿಗೆ, “ನೀವು ಹೇಳಿದ್ದೇ ಸರಿ ಮೇಡಂ, ನಾನು ತಪ್ಪಿದೆ,” ಎಂದರು. ಮದುವೆಯಾದಾಗಿನಿಂದ ಆ ಮಾತನ್ನು ನಾನು ಕೇಳಿರಲಿಲ್ಲ. ಬುತ್ತಿಯನ್ನು ಕಲ್ಲಿನ ಮೇಲೆ ಕುಕ್ಕಿ ತಿರುಗಿ ನೋಡದೆ ಬಂದುಬಿಟ್ಟೆ.

ಮನೆಗೆ ಬಂದವಳೇ ಹಿತ್ತಿಲಲ್ಲಿದ್ದ ಹಾರೆ ತೆಗೆದುಕೊಂಡು ಅಡುಗೆಮನೆಯ ಗೋಡೆಗೆ ಹಾಕಿದೆ. ಮಣ್ಣಿನ ಗೋಡೆ. ಒಂದೊಂದು ಏಟಿಗೂ ಹೆಂಟೆ ಹೆಂಟೆಯಾಗಿ ಬಿತ್ತು. ಅವಳಿಗೆ ಮಾತ್ರವೇ ಗಾಳಿ ಗೊತ್ತಿರುವುದು? ನಾನೂ ಕೊರೆಯುತ್ತೇನೆ. ಕುಂಬಳಕಾಯಿ ತೂರುವಷ್ಟು ಕಂಡಿ ಆಯಿತು. ಬೆವರು ಒರೆಸಿಕೊಂಡು ಗೆದ್ದವಳ ಹಾಗೆ ಒಲೆ ಹಚ್ಚಿದೆ.

ಕಂಡಿಯನ್ನು ತೆಗೆದದ್ದು ಪಡುವಣಕ್ಕೆ, ಒಲೆಯ ಬೆನ್ನಿಗೇ. ಹೊರಗಿನ ಗಾಳಿ ಅದರಿಂದ ನುಗ್ಗಿ ಒಲೆಯ ಹೊಗೆಯನ್ನೆಲ್ಲ ನಡುಮನೆಗೆ, ದೇವರ ಗೂಡಿಗೆ, ಅಲ್ಲಿಂದ ಪಕ್ಕದ ನರಸಮ್ಮನ ಮನೆಗೆ ತಳ್ಳಿತು. ನರಸಮ್ಮ ಕೆಮ್ಮುತ್ತ ಓಡಿಬಂದಳು. “ಅಯ್ಯೋ ತಲ್ಲೀ! ಗೋಡೆ ಕೆಡವಿ ಬುಟ್ಟಿದ್ದೀಯಲ್ಲಮ್ಮಾ! ಮನೆಗೆ ಬೆಂಕಿ ಹತ್ತೈತೆ ಅಂದ್ಕೊಂಡೆ!” ಅವಳ ಕೂಗಿಗೆ ಬೀದಿ ಸೇರಿತು. ಶಾಲೆಯ ಕಡೆಯಿಂದ ಇವರೂ ಓಡಿಬಂದರು, ಹಿಂದೆ ಅವಳು.

ಯಜಮಾನರು ಕಂಡಿ ನೋಡಿದರು, ಹಾರೆ ನೋಡಿದರು, ಮಸಿ ಮೆತ್ತಿದ ನನ್ನ ಮುಖ ನೋಡಿದರು. ಅವರಿಗೆ ನಗು ತಡೆಯಲಾಗಲಿಲ್ಲ. ನಾನು ಒಲೆಯ ಮುಂದೆ ಕುಸಿದು ಕೂತು ಜೋರಾಗಿ ಅತ್ತುಬಿಟ್ಟೆ. ಅವಳು ನಗಲಿಲ್ಲ. “ಸರ್, ಎರಡು ಬಿಂದಿಗೆ ನೀರು ತನ್ನಿ,” ಎಂದು ಇವರನ್ನು ಹೊರಗೆ ಕಳಿಸಿದಳು. ನರಸಮ್ಮನಿಗೆ, “ಗೋಡೆ ನಾನು ಕಟ್ಟಿಕೊಡ್ತೀನಿ ಅಮ್ಮಾ, ಹೋಗಿ,” ಎಂದಳು. ಆಮೇಲೆ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು ಸುತ್ತ ಕಣ್ಣಾಡಿಸಿದಳು. ತಗಡು ನೋಡಿದಳು, ಮಸಿ ಹಿಡಿದ ಗೋಡೆ ನೋಡಿದಳು, ನನ್ನ ಕಣ್ಣು ನೋಡಿದಳು.

“ದಿನಾ ಇಲ್ಲೇ ಬೇಯಿಸ್ತೀರಾ ಸಾವಿತ್ರಮ್ಮ?”

“ಇನ್ನೆಲ್ಲಿ ಬೇಯಿಸ್ಲಿ? ನಿಮಗೆ ಕಾಫಿ ಬರ್ತಿದ್ದುದೂ ಇಲ್ಲಿಂದಾನೇ,” ಎಂದೆ.

ಅವಳ ಮುಖ ಸಣ್ಣಗಾಯಿತು. ಮಾರನೆಯ ದಿನ ಬೆಳಗ್ಗೆಯೇ ಇಬ್ಬರು ಗಾರೆಯವರನ್ನು ಕರೆತಂದು, ನನ್ನ ಕಂಡಿಗೆ ಇಟ್ಟಿಗೆಯ ಜಾಲಿ ಕೂರಿಸಿ, ಒಲೆಯನ್ನು ಎದುರುಗೋಡೆಗೆ ಸರಿಸಿ, ಅದರ ಮೇಲೆ ಹೊಗೆಗಂಡಿ ತೆಗೆಸಿದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಅಡುಗೆಮನೆಯಲ್ಲಿ ಹೊಗೆ ನೆಟ್ಟಗೆ ಎದ್ದು ಹೊರಗೆ ಹೋಗುತ್ತಿತ್ತು. ನನಗೆ ಹಾಯೆನಿಸಿತು. ಹಾಯೆನಿಸಿದ್ದು ಅವಳ ಕೈಯಿಂದ ಎಂದು ಇನ್ನಷ್ಟು ಉರಿಯಿತು.

ಹೊರಡುವಾಗ ಅವಳು, “ನಾನಿನ್ನು ಸಂಜೆ ಇಲ್ಲಿಗೆ ಬರಲ್ಲ. ನೀವೇ ಇಸ್ಕೂಲಿಗೆ ಬನ್ನಿ. ಸೂರಿನ ಮೇಲೆ ಗಾರೆ ಬಡಿಯೋಕೆ ಹೆಂಗಸರು ಬೇಕು,” ಎಂದಳು.

ಹೋದೆ. ಕೆಲಸದ ಮೇಲಿನ ಪ್ರೀತಿಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಕಾವಲು ಕಾಯಲು ಹೋದೆ. ಚಪ್ಪಡಿಯ ಮೇಲೆ ಇಟ್ಟಿಗೆಜಲ್ಲಿ, ಸುಣ್ಣ ಹರವಿ, ಗಾರೆ ಗಟ್ಟಿ ಹಿಡಿಯಲೆಂದು ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುತ್ತ, ಸಾಲಾಗಿ ಕೂತು ಮರದ ಕೊಡತಿಯಲ್ಲಿ ಬಡಿಯುವ ಕೆಲಸ. ಅಲ್ಲಿ ಕೂತರೆ ಕೆಳಗೆ ಅವರಿಬ್ಬರೂ ಕಾಣುತ್ತಿದ್ದರು. ಅವರು ಜೊತೆಯಾಗಿ ನಿಂತಾಗೆಲ್ಲ ನನ್ನ ಕೊಡತಿಯ ಸದ್ದು ಜೋರಾಗುತ್ತಿತ್ತು. ಊರಿನ ಹೆಂಗಸರು ಮುಸಿಮುಸಿ ನಗುತ್ತಿದ್ದರು. “ಮೇಷ್ಟ್ರಮ್ಮ ಬಡಿದ ಜಾಗ್ದಾಗೆ ಒಂದು ತೊಟ್ಟು ನೀರೂ ಇಳಿಯಾಕಿಲ್ಲ ಕಣಮ್ಮ,” ಎಂದಳು ಒಬ್ಬಳು.

ಒಂದು ಭಾನುವಾರ ಇಬ್ಬರೂ ಸಣ್ಣೀರಪ್ಪನ ಹಟ್ಟಿಗೆ ಹೋಗುವ ಮಾತಾಡಿಕೊಂಡರು. ನಾನೂ ಬರುತ್ತೇನೆ ಎಂದೆ. ಅವತ್ತು ಯಜಮಾನರಿಗೆ ಪಾವಗಡದಿಂದ ಕರೆ ಬಂದು, ಕೊನೆಗೆ ಹೊರಟವರು ನಾನು, ಅವಳು ಇಬ್ಬರೇ. ದಾರಿಯುದ್ದಕ್ಕೂ ನಾನು ನಾಲ್ಕು ಹೆಜ್ಜೆ ಹಿಂದೆಯೇ ನಡೆದೆ. ಸಣ್ಣೀರಪ್ಪ ಕಂಬಳಿ ಹಾಸಿ ಕೂರಿಸಿದ. ಲಕ್ಕಮ್ಮ ಬಾಗಿಲ ಹಿಂದೆ ನಿಂತಿದ್ದಳು, ಕಾಲಿನ ಬೆರಳು ಮಾತ್ರ ಕಾಣುತ್ತಿತ್ತು.

“ಪ್ರತಿ ತಿಂಗ್ಳೂ ಬತ್ತೀಯ ಟೀಚ್ರಮ್ಮ. ನಾನೂ ಅದೇ ಮಾತು ಹೇಳ್ತೀನಿ,” ಎಂದ ಸಣ್ಣೀರಪ್ಪ. “ಕುರಿಗೂ ಮರದ ನೆಳ್ಳು ನೋಡಿ ಮಲಗುಸ್ತೀವಿ. ನೀವು ನನ್ನ ಕೂಸನ್ನ ಕಾದ ತಗಡಿನ ಕೆಳ್ಗೆ ಕೂರಿಸಿದ್ರಿ. ಹೆಂಗೆ ಕಳ್ಸಲಿ?”

ಅವಳು ತಲೆ ತಗ್ಗಿಸಿದಳು. “ಕೋಣೆ ಮುಗೀಲಿ ಅಣ್ಣಾ. ಚೈತ್ರದ ಬಿಸಿಲಲ್ಲಿ, ನಡುಮಧ್ಯಾಹ್ನ ನೀನೇ ಬಂದು ಕೂತು ನೋಡು. ತಡಿಯಕ್ಕಾಗ್ಲಿಲ್ಲ ಅಂದ್ರೆ ನಾನು ಇನ್ಯಾವತ್ತೂ ಈ ಬಾಗಿಲಿಗೆ ಬರಲ್ಲ.”

ವಾಪಸು ಬರುವಾಗ ಹುಣಸೆಮರದ ಕೆಳಗೆ ಅವಳು ನಿಂತುಬಿಟ್ಟಳು. ಕುಡಿಯಲು ನೀರು ಕೊಟ್ಟೆ. ಕುಡಿಯಲಿಲ್ಲ. “ಅವತ್ತು ಆ ಮಗು ಹೊರಗೆ ಹೋಗಿ ನೀರು ಕುಡಿದು ಬರ್ತೀನಿ ಅಂತು ಸಾವಿತ್ರಮ್ಮ. ಲೆಕ್ಕ ಮುಗಿಸಿ ಹೋಗು ಅಂದೆ ನಾನು. ಆಮೇಲೆ ನನ್ನ ತೊಡೆ ಮೇಲೆ ತಲೆ ಇಟ್ಟು ಕಣ್ಣು ಮೇಲಕ್ಕೆ ಮಾಡ್ತು,” ಎಂದಳು. ಅವಳು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳ ಕೈಚೀಲ ತೆಗೆದುಕೊಂಡು ನಾನೇ ಹೊತ್ತೆ. ಮುಂದೆ ಕಾವಲಿಗೆ ಹೋಗುವ ದಿನಗಳಲ್ಲಿ ಊಟವನ್ನು ಮೂವರಿಗೆ ಕಟ್ಟತೊಡಗಿದೆ. ಬರಬರುತ್ತ ಯಜಮಾನರು ಬೇರೆ ಕಡೆ ಇದ್ದರೂ ನಾನು ಅಲ್ಲಿರುತ್ತಿದ್ದೆ. ಹೊಂಗೆಮರದ ಕೆಳಗೆ ಕೂತು ಅವಳು ಶಿರಾದ ಹಳೆಯ ಮನೆಗಳ ಮಾತು ಹೇಳುತ್ತಿದ್ದಳು, ನಾನು ನಮ್ಮೂರ ಕೆರೆಯ ಮಾತು.

ಚೈತ್ರದ ಹೊತ್ತಿಗೆ ಕೋಣೆ ಮುಗಿಯಿತು. ದಪ್ಪನೆಯ ಗೋಡೆ, ಸುಣ್ಣ ಬಳಿದು ಬೆಳ್ಳಗಾದ ಸೂರು, ಪಡುವಣಕ್ಕೆ ನೆಲದ ಮಟ್ಟದಲ್ಲಿ ಜಾಲಿ, ಮೂಡಣಕ್ಕೆ ಮೇಲೆ ಸಾಲು ಕಂಡಿ. ಜಾಲಿಯ ಎದುರಿಗೆ ಹೊರಗಡೆ, ಮಕ್ಕಳು ಕುಡಿಯುವ ನೀರಿನ ಹೊಸ ಮಡಕೆಗಳನ್ನು ಸಾಲಾಗಿ ಇಡಿಸಿದ್ದಳು. ಮಡಕೆಯ ಒದ್ದೆ ಮೈ ತಾಗಿದ ಗಾಳಿ ಒಳಗೆ ಬರಲಿ ಎಂದು.

ಅವಳು ಹೇಳಿದ್ದ ಹಾಗೆ ಸಣ್ಣೀರಪ್ಪ ಬಂದ. ನೆತ್ತಿಯ ಮೇಲೆ ಬಿಸಿಲು ಕುದಿಯುವ ಹೊತ್ತಿಗೇ ಬಂದ. ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ, ಹಿಂದೆ ಲಕ್ಕಮ್ಮ. ಅವಳು ಹೊಸಿಲು ದಾಟದೆ ಹೊರಗೇ ನಿಂತಳು. ಒಳಗೆ ಪಾಠ ನಡೆದಿತ್ತು. ಸಣ್ಣೀರಪ್ಪ ಯಾರನ್ನೂ ಮಾತಾಡಿಸದೆ, ಮಕ್ಕಳ ಹಿಂದೆ ಗೋಡೆಗೊರಗಿ ಕೂತ. ಸೂರು ನೋಡಿದ. ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿದ. ಯಜಮಾನರು ಬೋರ್ಡಿನ ಮೇಲೆ ಬರೆಯುವುದನ್ನು ನಿಲ್ಲಿಸಿದ್ದರು. ಮೆಹರುನ್ನೀಸಾ ಬಾಗಿಲ ಹತ್ತಿರ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹೊತ್ತು ಕಳೆಯಿತು. ಸಣ್ಣೀರಪ್ಪನ ತಲೆ ಒಂದು ಕಡೆ ವಾಲಿತು. ಬಾಯಿ ತೆರೆಯಿತು. ಆಮೇಲೆ ಗೊರಕೆ ಕೇಳಿಸಿತು.

ಮಕ್ಕಳು ಕಿಸಕ್ಕನೆ ನಕ್ಕರು. ಯಜಮಾನರು ಬೆರಳು ತುಟಿಗಿಟ್ಟು ಸುಮ್ಮನಿರಿಸಿದರು. ಹೊರಗೆ ನಿಂತಿದ್ದ ಲಕ್ಕಮ್ಮ ಅಪ್ಪನನ್ನು ಒಂದು ಸಲ ನೋಡಿ, ಮೆಲ್ಲಗೆ ಒಳಗೆ ಬಂದು, ಜಾಲಿಯ ಹತ್ತಿರ ಹುಡುಗಿಯರ ಸಾಲಿನ ಕೊನೆಯಲ್ಲಿ ಕೂತಳು. ಪಕ್ಕದವಳು ತನ್ನ ಸ್ಲೇಟನ್ನು ಅವಳ ಕಡೆ ಸರಿಸಿದಳು. ಸಣ್ಣೀರಪ್ಪ ಎಚ್ಚರಗೊಂಡಾಗ ಗಂಟೆ ಹೊಡೆದು ಮಕ್ಕಳು ಏಳುತ್ತಿದ್ದರು. ನಾಚಿಕೆಯಿಂದ ಮುಖ ಒರೆಸಿಕೊಂಡು, “ಮನೇಲೂ ಇಂಗೆ ನಿದ್ದೆ ಬರಾಕಿಲ್ಲ ಕಣ್ರಪ್ಪ,” ಎಂದು ಮಗಳನ್ನು ಹುಡುಕಿದ. ಅವಳು ಎದ್ದು ಬರಲಿಲ್ಲ. ಅವನು ಒಬ್ಬನೇ ಹೋದ.

ಹಟ್ಟಿಯ ಉಳಿದ ಹುಡುಗಿಯರೂ ಬಂದರು. ಕ್ಲಾಸು ಊರಲ್ಲೇ ಉಳಿಯಿತು. ಇನ್‌ಸ್ಪೆಕ್ಟರು ಬಂದು ಕೋಣೆಯೊಳಗೆ ಟೋಪಿ ತೆಗೆದು ಕೂತು, ಹೆಡ್ಮಾಸ್ತರನ್ನು ಹೊಗಳಿದರು. ಯಜಮಾನರು ಎದ್ದು ನಿಂತು, “ಇದು ನಮ್ಮ ಮೇಡಂ ಕಟ್ಟಿದ್ದು ಸಾರ್,” ಎಂದರು. ಹಿಂದೆ ಕೂತಿದ್ದ ನನಗೆ ಚುಳ್ ಎಂದಿತು. ಸೂರು ಬಡಿದು ಅಂಗೈ ಬೊಬ್ಬೆ ಬಂದಿದ್ದು ನನಗೆ. ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಬೇಸಿಗೆ ರಜೆ ಮುಗಿಯುವ ಮೊದಲೇ ಅವಳಿಗೆ ಮಧುಗಿರಿಗೆ ವರ್ಗವಾಯಿತು. ಬೆಳಗಿನ ಬಸ್ಸಿಗೆ ಕಳಿಸಲು ಇಬ್ಬರೂ ಹೋದೆವು. ಚಿಕ್ಕಮ್ಮನನ್ನು ಹತ್ತಿಸಿ ಕೂರಿಸಿ, ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದಳು.

“ನೀವು ಯಾಕೆ ದಿನಾ ಬಂದು ಕೂರ್ತಿದ್ರಿ ಅಂತ ನಂಗೆ ಗೊತ್ತಿತ್ತು ಸಾವಿತ್ರಮ್ಮ,” ಎಂದಳು. “ಮೊದಮೊದಲು ಸಿಟ್ಟು ಬರ್ತಿತ್ತು. ಆಮೇಲೆ ನೀವು ಬರದಿದ್ದ ದಿನ ಕೆಲಸವೇ ಓಡ್ತಿರಲಿಲ್ಲ.”

ಬಸ್ಸು ಹೋಯಿತು. ಯಜಮಾನರು, “ಒಳ್ಳೇ ಟೀಚರು ಹೋದ್ರು,” ಎಂದು ನಿಟ್ಟುಸಿರಿಟ್ಟರು. ಆ ನಿಟ್ಟುಸಿರಿಗೆ ನಾನು ಸಿಡುಕಲಿಲ್ಲ. ಅಂಥದ್ದೇ ಒಂದು ನನ್ನೊಳಗೂ ಇತ್ತು.

ದಸರೆ ಕಳೆದು ಯಜಮಾನರು ಮಾಸ್ತರುಗಳ ಮೀಟಿಂಗಿಗೆಂದು ಮಧುಗಿರಿಗೆ ಹೋಗಿ ಬಂದರು. ಊಟಕ್ಕೆ ಕೂತಾಗ ಸುದ್ದಿ ಹೇಳಿದರು. “ನಮ್ಮ ಮೇಡಂ ಅಲ್ಲೂ ಸುಮ್ಮನಿಲ್ಲ ಕಣೇ. ಹಳೇ ಶಾಲೆ ಗೋಡೆ ಒಡೆಸಿ ಜಾಲಿ ಕೂರಿಸ್ತಿದ್ದಾರೆ. ಅಲ್ಲೊಬ್ಬರು ಡಾಕ್ಟ್ರ ಹೆಂಡತಿ ಜೊತೆಗೆ ನಿಂತಿದ್ದಾರೆ. ಇಬ್ರೂ ಒಂದೇ ಜೀವ. ದಿನಾ ಮಧ್ಯಾಹ್ನ ಅವರ ಮನೆಯಿಂದಾನೇ ಊಟ ಬರ್ತದಂತೆ.”

ಸಾರು ಬಡಿಸುತ್ತಿದ್ದ ನನ್ನ ಸೌಟು ಅಲ್ಲೇ ನಿಂತಿತು. “ಯಾರವ್ಳು?” ಎಂದೆ.

“ಯಾರು?”

“ಆ ಡಾಕ್ಟ್ರ ಹೆಂಡ್ತಿ.”

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಅವರಿಗೆ ಏನೂ ಅರ್ಥವಾಗಲಿಲ್ಲ.

ಮಾರನೆಯ ಬೆಳಗ್ಗೆ ಬೇಗ ಎದ್ದು ರೊಟ್ಟಿ ತಟ್ಟಿದೆ. ಮೆಹರುನ್ನೀಸಾಗೆ ಇಷ್ಟವಾಗಿದ್ದ ಹುಚ್ಚೆಳ್ಳು ಚಟ್ನಿಪುಡಿ ಡಬ್ಬಿಗೆ ತುಂಬಿದೆ. ಒಳ್ಳೆಯ ಸೀರೆ ಉಟ್ಟು ಬಾಗಿಲಿಗೆ ಬಂದಾಗ ಯಜಮಾನರು ಮುಖ ತೊಳೆಯುತ್ತಿದ್ದರು.

“ಎಲ್ಲಿಗೆ ಹೊರಟೆ?”

“ಮಧುಗಿರಿಗೆ. ಮಧ್ಯಾಹ್ನಕ್ಕೆ ನೀವೇ ಏನಾದ್ರೂ ಬೇಯಿಸ್ಕೊಳಿ,” ಎಂದೆ. “ಆ ಡಾಕ್ಟ್ರ ಹೆಂಡ್ತಿ ಹೆಂಗವ್ಳೆ ಅಂತ ನೋಡ್ಕೊಂಡು ಬತ್ತೀನಿ.”